ಬಣ್ಣಕ್ಕೂ ಬೇಕು ಶ್ರುತಿ

ಮದುವೆ, ಮುಂಜಿ, ನಾಮಕರಣ, ಹಿರಿಯರ ಷಷ್ಟ್ಯಬ್ದಿ, ಹೀಗೆ ಮನೆಯಲ್ಲಿ ನಡೆಯುವ ಯಾವ ಶುಭಕಾರ್ಯವನ್ನೂ ಈಗ ನಾವು ಚಲಿಸುವ ಚಿತ್ರವಾಗಿ ಉಳಿಸಿಕೊಳ್ಳುತ್ತೇವೆ. ಹಿಂದೆ ಸ್ಟುಡಿಯೋದವರನ್ನು ಕರೆಸಿ, ಮನೆಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದು ಪಟ ತೆಗೆಸಿದರೆ ಮುಗಿಯುತ್ತಿತ್ತು. ಈಗ ಮನೆಯ ಹುಡುಗರ ಕೈಯಲ್ಲಿಯೇ ಮೊಬೈಲು ಇದೆ. ತೆಗೆದ ಚಿತ್ರದ ಮೇಲೆ ಹೆಸರು ಬರೆಯುವುದು, ಮೂಲೆಯಲ್ಲಿ ಒಂದು ದೀಪ ಉರಿಸುವುದು, ಒಂದು ಚಿತ್ರದೊಳಗೆ ಇನ್ನೊಂದನ್ನು ಬೆಸೆಯುವುದು, ಇವೆಲ್ಲವನ್ನೂ ಅವರೇ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಹೀಗೆ ಚಿತ್ರದ ಮೇಲೆ ಚಿತ್ರ ಕೂಡಿಸುವ ಕೆಲಸಕ್ಕೆ ಕಾಂಪೋಸಿಟಿಂಗ್ ಎಂದು ಹೆಸರು. ನಿಮ್ಮ ಮನೆಯಲ್ಲಿಯೂ ಈ ಕೆಲಸ ಬಲ್ಲವರು ಒಬ್ಬರಿರಬಹುದು. ಅವರು ಒಂದಲ್ಲ ಒಂದು ದಿನ ತಲೆಯ ಮೇಲೆ ಕೈಹೊತ್ತು ಕೇಳುವ ಪ್ರಶ್ನೆ ಒಂದಿದೆ: “ಮೊಬೈಲಿನಲ್ಲಿ ಒಂದು ಬಣ್ಣ, ಕೂಡಿಸುವ ಪ್ರೋಗ್ರಾಮಿನಲ್ಲಿ ಇನ್ನೊಂದು ಬಣ್ಣ, ಹೊರತೆಗೆದ ಮೇಲೆ ಮತ್ತೊಂದು ಬಣ್ಣ. ನಾನೇನೂ ಮಾಡಲಿಲ್ಲವಲ್ಲ, ಬಣ್ಣ ಎಲ್ಲಿ ಹೋಯಿತು?”

ಈ ಪ್ರಶ್ನೆ ನಮ್ಮ ಮನೆಗೂ ಬಂತು. ನಮ್ಮ ತಾಯಿಯವರಿಗೆ ಎಂಬತ್ತು ತುಂಬಿದಾಗ ಮನೆಯ ಮಟ್ಟಿಗೆ ಒಂದು ಸಣ್ಣ ಸಮಾರಂಭ ಮಾಡಿದೆವು. ಅಮ್ಮ ಅಂದು ಉಟ್ಟದ್ದು ನಮ್ಮ ತಂದೆಯವರು ಎಷ್ಟೋ ವರ್ಷಗಳ ಹಿಂದೆ ಇಳಕಲ್ಲಿನಿಂದ ತಂದುಕೊಟ್ಟ ಸೀರೆ. ಒಡಲು ದಾಳಿಂಬೆ ಕೆಂಪು. ಸೆರಗಿನಲ್ಲಿ ಕೆಂಪು ಬಿಳಿಯ ತೆನೆ. ನನ್ನ ತಂಗಿಯ ಮಗ ಮೊಬೈಲಿನಲ್ಲಿ ಚಿತ್ರ ತೆಗೆದು, ಅದಕ್ಕೊಂದು ಉರಿಯುವ ದೀಪವನ್ನೂ ಅಜ್ಜಿಯ ಹೆಸರನ್ನೂ ಕೂಡಿಸಿ, ವಾರದ ಮೇಲೆ ನಮ್ಮನ್ನೆಲ್ಲ ನಡುಮನೆಯ ಟೆಲಿವಿಷನ್ ಮುಂದೆ ಕೂರಿಸಿದ. ಅಮ್ಮ ನೋಡಿದರು. “ಚೆನ್ನಾಗಿದೆ ಕಣಪ್ಪಾ. ಆದರೆ ಇದು ಯಾರ ಸೀರೆ?” ಎಂದರು.

“ನಿಮ್ಮದೇ, ಅಜ್ಜಿ.”

“ನನ್ನದು ದಾಳಿಂಬೆ ಬಣ್ಣದ್ದು. ಇದು ಒಗೆದು ಒಗೆದು ಬಿಸಿಲಿಗೆ ಹಾಕಿದ ಹಾಗಿದೆ.”

ಹುಡುಗ ಪೆಚ್ಚಾದ. ಎರಡು ರಾತ್ರಿ ಕುಳಿತು ಕೆಂಪನ್ನು ಏರಿಸಿದ, ಬೆಳಕನ್ನು ಇಳಿಸಿದ. ಕಂಪ್ಯೂಟರಿನಲ್ಲಿ ಸರಿಯಾಯಿತೆಂದುಕೊಂಡ. ಟೆಲಿವಿಷನ್ನಿನಲ್ಲಿ ನೋಡಿದರೆ ಸೀರೆ ಕಿತ್ತಳೆಗೆ ತಿರುಗಿತ್ತು, ಅಮ್ಮನ ಮುಖಕ್ಕೆ ಅರಿಸಿನ ಬಳಿದ ಹಾಗಿತ್ತು. ಇದರ ಮೇಲೆ ಇನ್ನೊಂದು ಅಪಾಯವೂ ಕಾದಿತ್ತು. ಮೊಬೈಲಿನಲ್ಲಿ ಜಾಗವಿಲ್ಲವೆಂದು ಮೂಲಚಿತ್ರವನ್ನು ಅಳಿಸಲು ಅವನು ಸಿದ್ಧನಾಗಿದ್ದ. ಅಳಿಸಿದ್ದರೆ ನಮ್ಮಲ್ಲಿ ಉಳಿಯುತ್ತಿದ್ದುದು ಆ ಬಣ್ಣಗೆಟ್ಟ ಪ್ರತಿ ಮಾತ್ರ. “ತಡಿ, ಮೊದಲು ತಪ್ಪು ಎಲ್ಲಿದೆ ನೋಡೋಣ” ಎಂದು ನಾನು ಅವನ ಜೊತೆ ಕುಳಿತೆ. ಅಂದು ನಾವು ಹೇಗೆ ಹುಡುಕಿದೆವೆಂಬುದು ನಿಮಗೂ ಉಪಯೋಗಕ್ಕೆ ಬರಬಹುದು.

ಮೊದಲು ಮೂಲದ ಒಂದು ವಿಷಯವನ್ನು ಗಮನಿಸಬೇಕು. ಕಂಪ್ಯೂಟರಿಗೆ ಬಣ್ಣ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಅಂಕಿ. ಚಿತ್ರವೆಂಬುದು ಲಕ್ಷಗಟ್ಟಲೆ ಚುಕ್ಕೆಗಳ ರಾಶಿ. ಒಂದೊಂದು ಚುಕ್ಕೆಗೂ ಮೂರು ಅಂಕಿಗಳು: ಕೆಂಪು ಎಷ್ಟು, ಹಸುರು ಎಷ್ಟು, ನೀಲಿ ಎಷ್ಟು. ಸಾಮಾನ್ಯವಾಗಿ ಈ ಅಂಕಿಗಳು 0ಯಿಂದ 255ರವರೆಗೆ ಇರುತ್ತವೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳುಪು, ಮೂರೂ ಸಮನಾಗಿ ನಡುವೆ ಎಲ್ಲಿಯಾದರೂ ನಿಂತರೆ ಬೂದು. ಅಂಕಿಗಳು ಬದಲಾಗದಿದ್ದರೆ ಬಣ್ಣವೂ ಬದಲಾಗಬಾರದಲ್ಲ ಎಂದು ನಿಮಗೆ ತೋರಬಹುದು. ಎಡವುವುದು ಇಲ್ಲಿಯೇ.

ಸಂಗೀತ ಕೇಳುವ ನಿಮಗೆ ಒಂದು ಹೋಲಿಕೆ ಕೊಡುತ್ತೇನೆ. ಪುಸ್ತಕದಲ್ಲಿ ಒಂದು ಕೃತಿಯ ಸ್ವರಗಳನ್ನು ಬರೆದಿರುತ್ತಾರೆ. ಅಲ್ಲಿ ಬರೆದ ಷಡ್ಜ ಎಷ್ಟು ಎತ್ತರದ ನಾದ? ಪುಸ್ತಕ ಅದನ್ನು ಹೇಳುವುದಿಲ್ಲ, ತಂಬೂರಿ ಹೇಳುತ್ತದೆ. ಒಬ್ಬರು ಒಂದು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಇನ್ನೊಬ್ಬರು ಐದು ಮನೆಯಲ್ಲಿ ಹಾಡುತ್ತಾರೆ. ಕೃತಿ ಒಂದೇ, ಇಬ್ಬರದೂ ಸರಿ. ಆದರೆ ಹಾಡುವವರದು ಒಂದು ಶ್ರುತಿಯಾಗಿ ಪಿಟೀಲಿನವರದು ಇನ್ನೊಂದಾದರೆ ಗತಿಯೇನು? ಬರೆದ ಸ್ವರದಲ್ಲಿ ಒಂದು ತಪ್ಪೂ ಇಲ್ಲದೆ ಕಚೇರಿ ಕೆಡುತ್ತದೆ. ಆಗ ಪಿಟೀಲಿನವರು ಒಂದೊಂದು ಸ್ವರವನ್ನೂ ಅಷ್ಟಷ್ಟು ಮೇಲೆಳೆದು ಸರಿಮಾಡಲು ಹೋಗುವುದಿಲ್ಲ. ತಂತಿ ಬಿಗಿದು ಶ್ರುತಿ ಸೇರಿಸುತ್ತಾರೆ. ಚಿತ್ರದ ಅಂಕಿಗಳೂ ಬರೆದಿಟ್ಟ ಸ್ವರಗಳ ಹಾಗೆಯೇ. ಅವು ಯಾವ ಶ್ರುತಿಯಲ್ಲಿವೆ ಎಂಬುದನ್ನು ತೆಗೆದವರು, ಕೂಡಿಸುವವರು, ಹೊರತೆಗೆಯುವವರು, ತೋರಿಸುವವರು, ನಾಲ್ವರೂ ಒಪ್ಪಿಕೊಂಡಿದ್ದರೆ ಮಾತ್ರ ಬಣ್ಣ ಉಳಿಯುತ್ತದೆ. ನಮ್ಮ ಹುಡುಗ ಎರಡು ರಾತ್ರಿ ಮಾಡಿದ್ದು ಒಂದೊಂದು ಸ್ವರವನ್ನು ಎಳೆಯುವ ಕೆಲಸ.

ಬಣ್ಣದ ಶ್ರುತಿಯಲ್ಲಿ ಮೂರು ಅಂಗಗಳುಂಟು. ಒಂದೊಂದಾಗಿ ನೋಡೋಣ.

ಮೊದಲನೆಯದು ಮೂಲವರ್ಣಗಳು. ‘ಕೆಂಪು 255’ ಎಂದರೆ ಯಾವ ಕೆಂಪು? ದಾಸವಾಳವೂ ಕೆಂಪೇ, ಇಟ್ಟಿಗೆಯೂ ಕೆಂಪೇ. ಆದುದರಿಂದ ಮೂಲವಾದ ಕೆಂಪು, ಹಸುರು, ನೀಲಿಗಳು ಯಾವುವು, ಬಿಳುಪು ಯಾವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಬೇಕು. ರೇಡಿಯೋ ತರಂಗಗಳ ಹಂಚಿಕೆಯ ನಿಯಮಗಳನ್ನು ನೋಡಿಕೊಳ್ಳುವ ಅಂತಾರಾಷ್ಟ್ರೀಯ ಸಂಸ್ಥೆಯೇ 1990ರಲ್ಲಿ ಸೂಕ್ಷ್ಮ ಟೆಲಿವಿಷನ್ನಿಗಾಗಿ ಇದನ್ನು ಗೊತ್ತುಮಾಡಿತು. ಅದಕ್ಕೆ 709ನೆಯ ಶಿಫಾರಸು ಎಂದು ಹೆಸರು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ಕಂಪ್ಯೂಟರಿಗಾಗಿ ಎಸ್‌ಆರ್‌ಜಿಬಿ ಎಂಬ ಪದ್ಧತಿಯನ್ನು ಮುಂದಿಟ್ಟವು. 1999ರಲ್ಲಿ ಅದು ಅಂತಾರಾಷ್ಟ್ರೀಯ ಮಾನಕವಾಯಿತು. ಅದರ ಮೂಲವರ್ಣಗಳೂ ಬಿಳುಪೂ 709ರವೇ. ಅಷ್ಟರ ಮಟ್ಟಿಗೆ ಕಂಪ್ಯೂಟರಿಗೂ ಟೆಲಿವಿಷನ್ನಿಗೂ ಜಗಳವಿಲ್ಲ. ಈಚಿನ ಅನೇಕ ಮೊಬೈಲುಗಳ ಪರದೆಯಾದರೋ ಇನ್ನೂ ಗಾಢವಾದ ಮೂಲವರ್ಣಗಳನ್ನು ತೋರಿಸಬಲ್ಲದು. 709ರ ಅಂಕಿಗಳನ್ನು ವಿಚಾರಿಸದೆ ಅಂಥ ಪರದೆಗೆ ಕೊಟ್ಟರೆ ಎಲ್ಲ ಬಣ್ಣಗಳೂ ಬೇಕಾದುದಕ್ಕಿಂತ ಹೆಚ್ಚು ಕಣ್ಣು ಕುಕ್ಕುತ್ತವೆ.

ಎರಡನೆಯದು ಅಂಕಿಗೂ ಬೆಳಕಿಗೂ ಇರುವ ಸಂಬಂಧ. 128 ಎಂಬುದು 255ರ ಅರ್ಧವಷ್ಟೆ. ಹಾಗೆಂದು 128 ಬರೆದರೆ ಅರ್ಧ ಬೆಳಕು ಬರುತ್ತದೆಯೇ? ಇಲ್ಲ. ಎಸ್‌ಆರ್‌ಜಿಬಿ ಪದ್ಧತಿಯಲ್ಲಿ 128 ಎಂದರೆ ಪೂರ್ಣ ಬೆಳಕಿನ ನೂರರಲ್ಲಿ ಸುಮಾರು 22 ಪಾಲು ಮಾತ್ರ. ಅರ್ಧ ಬೆಳಕು ಬೇಕಾದರೆ 188 ಎಂದು ಬರೆಯಬೇಕು. ಈ ವಕ್ರವಾದ ಲೆಕ್ಕ ಬಂದದ್ದು ಹಳೆಯ ಗಾಜಿನ ಚಿತ್ರನಳಿಕೆಯಿಂದ. ಆ ನಳಿಕೆಗೆ ಕೊಡುವ ವಿದ್ಯುತ್ತಿನ ಒತ್ತಡವನ್ನು ಇಮ್ಮಡಿ ಮಾಡಿದರೆ ಬೆಳಕು ಇಮ್ಮಡಿಯಾಗುವುದಿಲ್ಲ. ಸುಮಾರು ಐದು ಪಟ್ಟು ಏರುತ್ತದೆ. ಇದಕ್ಕೆ ಪ್ರತಿಯಾಗಿ ಕ್ಯಾಮರಾದಲ್ಲಿಯೇ ಅಂಕಿಗಳನ್ನು ವಿರುದ್ಧ ದಿಕ್ಕಿಗೆ ಬಗ್ಗಿಸಿ ಕಳುಹಿಸುವುದು ವಾಡಿಕೆಯಾಯಿತು. ನಮ್ಮ ಕಣ್ಣೂ ಕತ್ತಲೆಯ ಕಡೆಯ ಸಣ್ಣ ವ್ಯತ್ಯಾಸಗಳನ್ನು ಚೆನ್ನಾಗಿ ಗುರುತಿಸುವುದರಿಂದ, ನೆರಳಿನ ಭಾಗಕ್ಕೆ ಹೆಚ್ಚು ಅಂಕಿಗಳನ್ನು ಮೀಸಲಿಡುವ ಈ ವಕ್ರತೆ ಅನುಕೂಲವೇ ಆಯಿತು. ಗಾಜಿನ ನಳಿಕೆ ಮೂಲೆ ಸೇರಿದರೂ ಅದರ ನಡೆ ಮಾತ್ರ ಉಳಿದಿದೆ. 2011ರಲ್ಲಿ ಟೆಲಿವಿಷನ್ ಪರದೆಗಳಿಗೆ 2.4 ಎಂಬ ಘಾತವನ್ನು ಗೊತ್ತುಮಾಡಿದರು; ಕಂಪ್ಯೂಟರಿನದು ಸುಮಾರು 2.2. ಈ ಘಾತಕ್ಕೆ ಗಾಮಾ ಎಂದು ಹೆಸರು. ಕತ್ತಲೆ ಕೋಣೆಯಲ್ಲಿ ನೋಡುವ ಟೆಲಿವಿಷನ್ನಿಗೂ ಬೆಳಕಿರುವ ಕಚೇರಿಯಲ್ಲಿ ನೋಡುವ ಕಂಪ್ಯೂಟರಿಗೂ ಇಷ್ಟು ವ್ಯತ್ಯಾಸ ಸಹಜ.

ಮೂರನೆಯದು ಮೂಟೆ ಕಟ್ಟುವ ಕ್ರಮ. ಕೆಂಪು, ಹಸುರು, ನೀಲಿ ಎಂಬ ಮೂರು ಅಂಕಿಗಳನ್ನು ವಿಡಿಯೋ ಫೈಲು ಸಾಮಾನ್ಯವಾಗಿ ಹಾಗೆಯೇ ಇಡುವುದಿಲ್ಲ. ಅವುಗಳಿಂದ ಒಂದು ಹೊಳಪಿನ ಅಂಕಿಯನ್ನೂ ಬಣ್ಣದ ಎರಡು ವ್ಯತ್ಯಾಸಗಳನ್ನೂ ಲೆಕ್ಕಮಾಡಿ ಇಡುತ್ತದೆ. ಬಣ್ಣದ ಟೆಲಿವಿಷನ್ ಬಂದಾಗ ಕಪ್ಪು ಬಿಳುಪಿನ ಪೆಟ್ಟಿಗೆಗಳೂ ಅದೇ ಪ್ರಸಾರವನ್ನು ತೋರಿಸಬೇಕಾಗಿತ್ತಲ್ಲ, ಆ ಕಾಲದ ಉಪಾಯ ಇದು. 1953ರ ಅಮೆರಿಕದ ಬಣ್ಣದ ಪದ್ಧತಿಯ ಮೂಲವರ್ಣಗಳಿಂದ ಹುಟ್ಟಿದ ಗುಣಕಗಳು ಹೀಗಿವೆ: ಹೊಳಪಿನಲ್ಲಿ ಕೆಂಪಿನ ಪಾಲು 0.299, ಹಸುರಿನದು 0.587, ನೀಲಿಯದು 0.114. ನಮ್ಮ ದೂರದರ್ಶನದಲ್ಲಿ ಬಣ್ಣದ ಪ್ರಸಾರ ಮೊದಲಾದ 1982ರಲ್ಲಿಯೇ ಈ ಗುಣಕಗಳು 601ನೆಯ ಶಿಫಾರಸಿನಲ್ಲಿ ಸೇರಿದವು. 709ರಲ್ಲಿ ಮೂಲವರ್ಣಗಳು ಬೇರೆಯಾದುದರಿಂದ ಗುಣಕಗಳೂ ಬೇರೆಯಾದವು: 0.2126, 0.7152, 0.0722. ಒಂದು ಗುಣಕದಿಂದ ಕಟ್ಟಿದ ಮೂಟೆಯನ್ನು ಇನ್ನೊಂದರಿಂದ ಬಿಚ್ಚಿದರೆ ಏನಾಗುತ್ತದೆಂಬುದನ್ನು ಮುಂದೆ ನೋಡೋಣ. ಇದರ ಜೊತೆಗೆ ಅಂಕಿಗಳ ವ್ಯಾಪ್ತಿಯ ಪ್ರಶ್ನೆಯೂ ಇದೆ. ಟೆಲಿವಿಷನ್ ಸಂಪ್ರದಾಯದಲ್ಲಿ ಕಪ್ಪು 16ರಿಂದ ಮೊದಲಾಗುತ್ತದೆ, ಬಿಳುಪು 235ಕ್ಕೆ ನಿಲ್ಲುತ್ತದೆ. ಸಂಕೇತವು ಅತ್ತಿತ್ತ ತುಳುಕಿದರೂ ಹಾಳಾಗದಿರಲೆಂದು ಎರಡು ತುದಿಗಳಲ್ಲಿಯೂ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಕಂಪ್ಯೂಟರಿನ ಸಂಪ್ರದಾಯದಲ್ಲಿ 0ಯಿಂದ 255ರವರೆಗಿನ ಇಡೀ ಅಂಗಳವೂ ಬಳಕೆಯಲ್ಲಿದೆ.

ಇಷ್ಟೆಲ್ಲ ಒಪ್ಪಂದಗಳು ಒಂದೊಂದು ಫೈಲಿನಲ್ಲಿಯೂ ಇರುವುದರಿಂದ, ಮೂಟೆಯ ಮೇಲೆ ಒಂದು ಚೀಟಿ ಅಂಟಿಸುವ ಪದ್ಧತಿ ಬಂದಿದೆ. ಅದರಲ್ಲಿ ಮೂರು ಅಂಕಿಗಳು: ಮೂಲವರ್ಣ ಯಾವುದು, ವಕ್ರತೆ ಯಾವುದು, ಗುಣಕ ಯಾವುದು. 1-1-1 ಎಂದಿದ್ದರೆ ಮೂರೂ 709ರವು. 2 ಎಂದಿದ್ದರೆ ‘ಹೇಳಿಲ್ಲ’ ಎಂದರ್ಥ. ಚೀಟಿಯಿಲ್ಲದ ಫೈಲನ್ನು ಕಂಡರೆ ಒಂದೊಂದು ಪ್ಲೇಯರೂ ತನ್ನ ತನ್ನ ಊಹೆಯಂತೆ ನಡೆಯುತ್ತದೆ. ಒಂದು ಮಾತನ್ನು ಮರೆಯಬೇಡಿ: ಚೀಟಿ ಬದಲಾಯಿಸುವುದು ಬೇರೆ, ಒಳಗಿನ ಸರಕು ಬದಲಾಯಿಸುವುದು ಬೇರೆ. ರಾಗಿಯ ಮೂಟೆಗೆ ಅಕ್ಕಿಯೆಂದು ಚೀಟಿ ಅಂಟಿಸಿದರೆ ಅನ್ನವಾಗುವುದಿಲ್ಲ.

ಈಗ ಕೂಡಿಸುವ ಪ್ರೋಗ್ರಾಮಿನ ಒಳಗೆ ಬರೋಣ. ದೀಪದ ಬೆಳಕು ಮುಖದ ಮೇಲೆ ಬೀಳುವಾಗ ನಿಜವಾಗಿ ನಡೆಯುವುದು ಬೆಳಕಿಗೆ ಬೆಳಕು ಕೂಡುವ ಕ್ರಿಯೆ. ವಕ್ರವಾದ ಅಂಕಿಗಳನ್ನು ಹಾಗೆಯೇ ಕೂಡಿದರೆ ಲೆಕ್ಕ ತಪ್ಪುತ್ತದೆ. ಕಪ್ಪು ಬಿಳುಪುಗಳನ್ನು ಸಮಪಾಲಾಗಿ ಬೆರಸಿದರೆ ಬೆಳಕಿನ ಲೆಕ್ಕದಲ್ಲಿ 188 ಬರಬೇಕು. ಅಂಕಿಯ ಲೆಕ್ಕದಲ್ಲಿ 128 ಬರುತ್ತದೆ. ಕೂದಲಿನ ಅಂಚಿನಲ್ಲಿ ಕಾಣುವ ಕಪ್ಪು ಗೆರೆಗೂ ದೀಪದ ಸುತ್ತ ಮಂಕಾಗುವ ಪ್ರಭೆಗೂ ಹಲವು ವೇಳೆ ಕಾರಣ ಇದೇ. ಆದುದರಿಂದ ನ್ಯೂಕ್, ಬ್ಲೆಂಡರ್ ಮೊದಲಾದ ಪ್ರೋಗ್ರಾಮುಗಳು ಚಿತ್ರ ಒಳಕ್ಕೆ ಬರುವಾಗ ವಕ್ರತೆಯನ್ನು ಬಿಡಿಸಿ ನಿಜವಾದ ಬೆಳಕಿನ ಪ್ರಮಾಣಕ್ಕೆ ತರುತ್ತವೆ, ಅಲ್ಲಿ ಕೂಡಿಸುತ್ತವೆ, ಹೊರಕ್ಕೆ ಹೋಗುವಾಗ ಮತ್ತೆ ವಕ್ರಮಾಡುತ್ತವೆ. ಆಫ್ಟರ್ ಎಫೆಕ್ಟ್ಸ್ ಎಂಬುದರಲ್ಲಿ ಇದನ್ನು ನಾವೇ ಆರಿಸಿಕೊಳ್ಳಬಹುದು. ಬಿಡಿಸಿದ್ದನ್ನು ಮತ್ತೆ ಕಟ್ಟದೆ ಹೊರಬಿಟ್ಟರೆ 128 ಎಂಬ ಬೂದು 55 ಆಗಿ ಚಿತ್ರ ಕತ್ತಲೆಗೆ ಬೀಳುತ್ತದೆ. ಎರಡು ಸಲ ಕಟ್ಟಿದರೆ ಅದೇ 128 ಹೋಗಿ 188 ಆಗಿ ಚಿತ್ರ ಪೇಲವವಾಗುತ್ತದೆ.

ಒಳಗಿನ ಲೆಕ್ಕವನ್ನು ನಾವು ನೇರವಾಗಿ ನೋಡಲಾರೆವು. ಪರದೆಯ ಮೇಲೆ ತೋರಿಸಲು ಅದಕ್ಕೊಂದು ನೋಟದ ರೂಪಾಂತರ ಬೇಕು. ಇಲ್ಲಿ ಪ್ರೋಗ್ರಾಮಿನಿಂದ ಪ್ರೋಗ್ರಾಮಿಗೆ ಪದ್ಧತಿ ಬೇರೆ. ನ್ಯೂಕಿನಲ್ಲಿ ನೋಡುವ ಕಿಟಕಿಯ ರೂಪಾಂತರ ನೋಟಕ್ಕೆ ಮಾತ್ರ. ಫೈಲು ಬರೆಯುವ ಕಡೆ ಬೇರೆಯೇ ಆಯ್ಕೆಯಿದೆ. ಎರಡೂ ಒಂದೇ ಆಗಿಲ್ಲದಿದ್ದರೆ ಕಂಡದ್ದು ಒಂದು, ಬರೆದದ್ದು ಇನ್ನೊಂದು. ಬ್ಲೆಂಡರಿನಲ್ಲಿಯಾದರೋ ಸಾಮಾನ್ಯ ಚಿತ್ರವಾಗಿ ಉಳಿಸುವಾಗ ನೋಟದ ರೂಪಾಂತರವೂ ಫೈಲಿನೊಳಗೆ ಸೇರಿಹೋಗುತ್ತದೆ. 2019ರ 2.80ನೆಯ ಆವೃತ್ತಿಯಿಂದ ಅದರಲ್ಲಿ ‘ಫಿಲ್ಮಿಕ್’ ಎಂಬ ರೂಪಾಂತರ ತಾನಾಗಿಯೇ ಇರುತ್ತಿತ್ತು, 2023ರ 4.0 ಆವೃತ್ತಿಯಲ್ಲಿ ‘ಎಜಿಎಕ್ಸ್’ ಬಂತು. ಇವು ಕೆಟ್ಟವಲ್ಲ. ಕಂಪ್ಯೂಟರೇ ಸೃಷ್ಟಿಸಿದ ದೃಶ್ಯದಲ್ಲಿ ಸೂರ್ಯ, ದೀಪ ಮೊದಲಾದವುಗಳ ಮಿತಿಮೀರಿದ ಬೆಳಕನ್ನು ಮೆಲ್ಲಗೆ ಪರದೆಯ ಮಿತಿಗೆ ತರುವುದಕ್ಕಾಗಿ ಅವನ್ನು ರೂಪಿಸಿದ್ದಾರೆ. ಆದರೆ ಮೊಬೈಲು ತೆಗೆದ ಚಿತ್ರ ಮೊದಲೇ ಪರದೆಗೆ ಹೊಂದಿಸಿದ ಚಿತ್ರ. ಅದಕ್ಕೆ ಮತ್ತೊಮ್ಮೆ ಈ ಉಪಚಾರ ಮಾಡಿದರೆ ಬಿಳುಪು ಬೂದಾಗುತ್ತದೆ, ಬಣ್ಣಗಳು ಸೋಲುತ್ತವೆ. ಅಂಥ ಕೆಲಸಕ್ಕೆ ‘ಕಲರ್ ಮ್ಯಾನೇಜ್‌ಮೆಂಟ್’ ಎಂಬಲ್ಲಿ ‘ವ್ಯೂ ಟ್ರಾನ್ಸ್‌ಫಾರ್ಮ್’ ಅನ್ನು ‘ಸ್ಟ್ಯಾಂಡರ್ಡ್’ ಎಂದು ಬದಲಾಯಿಸಿಕೊಂಡರೆ ಒಳಗೆ ಹೋದ ಅಂಕಿಯೇ ಹೊರಕ್ಕೆ ಬರುತ್ತದೆ.

ಹಾಗಾದರೆ ತಪ್ಪು ಎಲ್ಲಿ ಆಗಿದೆಯೆಂದು ಕಂಡುಹಿಡಿಯುವುದು ಹೇಗೆ? ಕಣ್ಣನ್ನು ನಂಬುವಂತಿಲ್ಲ. ಒಂದು ಗಂಟೆ ಮಂಕಾದ ಚಿತ್ರವನ್ನು ನೋಡಿದರೆ ಕಣ್ಣು ಅದಕ್ಕೇ ಒಗ್ಗಿಕೊಳ್ಳುತ್ತದೆ. ನಮ್ಮ ಹುಡುಗನಿಗೆ ಆದದ್ದೂ ಅದೇ. ಅದಕ್ಕೊಂದು ಸುಲಭವಾದ ಉಪಾಯ, ಪರೀಕ್ಷೆಯ ಪಟ್ಟಿ. ಯಾವುದಾದರೂ ಚಿತ್ರ ಬರೆಯುವ ಪ್ರೋಗ್ರಾಮಿನಲ್ಲಿ ಅಗಲವಾದ ಚೌಕಗಳನ್ನು ಮಾಡಿ: 0, 16, 128, 235, 255ರ ಬೂದುಗಳು, ಆಮೇಲೆ ಅಪ್ಪಟ ಕೆಂಪು, ಅಪ್ಪಟ ಹಸುರು, ಅಪ್ಪಟ ನೀಲಿ. ಈ ಪಟ್ಟಿಯನ್ನು ನಿಮ್ಮ ಚಿತ್ರ ಹೋಗುವ ದಾರಿಯಲ್ಲಿಯೇ ಕಳುಹಿಸಿ. ಕೂಡಿಸುವ ಪ್ರೋಗ್ರಾಮಿಗೆ ತನ್ನಿ, ಏನನ್ನೂ ಮಾಡಬೇಡಿ, ವಿಡಿಯೋ ಆಗಿ ಹೊರತೆಗೆಯಿರಿ. ಆಮೇಲೆ ಆ ಫೈಲನ್ನು ಬೇರೊಂದು ಪ್ರೋಗ್ರಾಮಿನಲ್ಲಿ ತೆರೆದು, ಬಣ್ಣದ ಅಂಕಿಯನ್ನು ಓದಿ ಹೇಳುವ ಸಲಕರಣೆಯಿಂದ ಒಂದೊಂದು ಚೌಕವನ್ನೂ ಓದಿ ಬರೆದುಕೊಳ್ಳಿ. ಬೇರೊಂದರಲ್ಲಿ ಎಂದು ಒತ್ತಿ ಹೇಳಲು ಕಾರಣವಿದೆ. ತಪ್ಪು ಗುಣಕದಿಂದ ಕಟ್ಟಿದ ಸಲಕರಣೆಯೇ ಅದೇ ತಪ್ಪು ಗುಣಕದಿಂದ ಬಿಚ್ಚಿದರೆ ಅಂಕಿಗಳು ಸರಿಯಾಗಿಯೇ ಕಂಡು ತಪ್ಪು ಮುಚ್ಚಿಹೋಗುತ್ತದೆ.

ಒಂದೆರಡು ಅಂಕಿಗಳ ವ್ಯತ್ಯಾಸ ಲೆಕ್ಕಕ್ಕಿಲ್ಲ. ಅದಕ್ಕಿಂತ ಹೆಚ್ಚಾದರೆ ರೋಗಲಕ್ಷಣ ನೋಡಿ ರೋಗ ಹೇಳಬಹುದು.

ಕಪ್ಪಿನ 0 ಹೋಗಿ 16 ಆಗಿದ್ದರೆ, ಬಿಳುಪಿನ 255 ಹೋಗಿ 235 ಆಗಿದ್ದರೆ ತಪ್ಪು ವ್ಯಾಪ್ತಿಯಲ್ಲಿದೆ. ಚಿತ್ರದ ಮೇಲೆ ಹೊಗೆ ಕವಿದಂತೆ ಕಾಣುತ್ತದೆ. ಇದಕ್ಕೆ ವಿರುದ್ಧವಾಗಿ 16 ಹೋಗಿ 0 ಆಗಿದ್ದರೆ, 235 ಹೋಗಿ 255 ಆಗಿದ್ದರೆ ಅಂಕಿಗಳನ್ನು ಅನಗತ್ಯವಾಗಿ ಹಿಗ್ಗಿಸಲಾಗಿದೆ. ಕಪ್ಪು ಕೂದಲಿನ ಎಳೆಗಳೂ ಬಿಳಿಯ ಪಂಚೆಯ ಮಡಿಕೆಗಳೂ ಅಳಿಸಿಹೋಗುತ್ತವೆ.

ಕಪ್ಪೂ ಬಿಳುಪೂ ಸರಿಯಾಗಿದ್ದು ನಡುವಿನ 128 ಮಾತ್ರ ಜರುಗಿದ್ದರೆ ತಪ್ಪು ವಕ್ರತೆಯಲ್ಲಿದೆ. 55 ಬಂದರೆ ಒಂದು ಸಲ ಕಟ್ಟುವುದನ್ನು ಬಿಟ್ಟಿದ್ದೀರಿ. 188 ಬಂದರೆ ಒಂದು ಸಲ ಹೆಚ್ಚಾಗಿ ಕಟ್ಟಿದ್ದೀರಿ.

ಬೂದುಗಳೆಲ್ಲ ಸರಿಯಾಗಿದ್ದು ಬಣ್ಣಗಳು ಮಾತ್ರ ಜರುಗಿದ್ದರೆ ತಪ್ಪು ಮೂಟೆ ಕಟ್ಟಿದ ಗುಣಕದಲ್ಲಿದೆ. 601ರಿಂದ ಕಟ್ಟಿ 709ರಿಂದ ಬಿಚ್ಚಿದರೆ ಅಪ್ಪಟ ಕೆಂಪಿನೊಳಗೆ ಸುಮಾರು 25ರಷ್ಟು ಹಸುರು ಸೇರಿ ಕೆಂಪು ಕಿತ್ತಳೆಯ ಕಡೆ ವಾಲುತ್ತದೆ; ಅಪ್ಪಟ ಹಸುರು 255ರಿಂದ ಸುಮಾರು 215ಕ್ಕೆ ಇಳಿಯುತ್ತದೆ. ಬಿಡಿಚಿತ್ರಗಳನ್ನು ವಿಡಿಯೋ ಮಾಡುವ ಎಫ್‌ಎಫ್‌ಎಂಪೆಗ್ ಎಂಬ ಉಚಿತ ಸಲಕರಣೆಗೆ ಏನೂ ಹೇಳದಿದ್ದರೆ 601ರ ಗುಣಕಗಳನ್ನೇ ಬಳಸುವ ವಾಡಿಕೆ ಅದಕ್ಕಿದೆ. ದೊಡ್ಡ ಅಳತೆಯ ಚಿತ್ರ ಕಂಡ ಪ್ಲೇಯರು ಸಾಮಾನ್ಯವಾಗಿ 709 ಎಂದು ಊಹಿಸುತ್ತದೆ. ಆದುದರಿಂದ ಅದಕ್ಕೆ ಎರಡು ಆಜ್ಞೆಗಳನ್ನು ಕೊಡಬೇಕು: 709ರಿಂದ ಕಟ್ಟು ಎಂದು ಒಂದು, ಹಾಗೆ ಕಟ್ಟಿದ್ದೇನೆಂದು ಚೀಟಿ ಬರೆ ಎಂದು ಇನ್ನೊಂದು.

ಬಿಳುಪೇ ಕುಗ್ಗಿ ಬೂದಾಗಿದ್ದು, ಬಣ್ಣಗಳೂ ಒಟ್ಟಾಗಿ ಸೋತಿದ್ದು, ಕಪ್ಪು ಮಾತ್ರ ಕಪ್ಪಾಗಿಯೇ ಉಳಿದಿದ್ದರೆ ನೋಟದ ರೂಪಾಂತರವನ್ನು ವಿಚಾರಿಸಿ.

ಅಂಕಿಗಳೆಲ್ಲ ಸರಿಯಾಗಿದ್ದೂ ಒಂದು ಯಂತ್ರದಲ್ಲಿ ಮಾತ್ರ ಬಣ್ಣ ಬೇರೆ ಕಂಡರೆ ತಪ್ಪು ನಿಮ್ಮ ಫೈಲಿನದಲ್ಲ, ತೋರಿಸುವ ಯಂತ್ರದ್ದು. ಆಪಲ್ ಕಂಪ್ಯೂಟರಿನ ಪ್ಲೇಯರು 1-1-1 ಚೀಟಿಯ ಫೈಲನ್ನು ಸುಮಾರು 2ರ ಘಾತದಂತೆ ಎಣಿಸಿ ತೋರಿಸುತ್ತದೆ. 2.4ರ ಟೆಲಿವಿಷನ್ ನೋಡಿ ಬಣ್ಣ ಹೊಂದಿಸಿದವರಿಗೆ ಅದೇ ಫೈಲು ಅಲ್ಲಿ ಪೇಲವವಾಗಿ ಕಾಣುತ್ತದೆ. ಆ ಒಂದು ಪರದೆಯನ್ನು ಮೆಚ್ಚಿಸಲು ಫೈಲನ್ನು ತಿದ್ದಿದರೆ ಉಳಿದ ಎಲ್ಲ ಪರದೆಗಳಲ್ಲಿಯೂ ಕೆಡುತ್ತದೆ. ಇನ್ನು ಕೆಲವು ಹೊಸ ಮೊಬೈಲುಗಳು ಹೆಚ್ಚು ಬೆಳಕಿನ ವ್ಯಾಪ್ತಿಯ ಎಚ್‌ಎಲ್‌ಜಿ ಎಂಬ ಬೇರೆಯೇ ವಕ್ರತೆಯಲ್ಲಿ ಚಿತ್ರ ತೆಗೆಯುತ್ತವೆ. ಬ್ರಿಟನ್ನಿನ ಬಿಬಿಸಿ ಮತ್ತು ಜಪಾನಿನ ಎನ್‌ಎಚ್‌ಕೆ ರೂಪಿಸಿದ ಇದು 2016ರಲ್ಲಿ ಅಂತಾರಾಷ್ಟ್ರೀಯ ಶಿಫಾರಸಿಗೆ ಸೇರಿತು. ಅಂಥ ಚಿತ್ರವನ್ನು 709 ಎಂದು ಭಾವಿಸಿ ತೆರೆದರೆ ಮೊದಲ ಹೆಜ್ಜೆಯಲ್ಲಿಯೇ ಶ್ರುತಿ ತಪ್ಪುತ್ತದೆ. ಒಳಕ್ಕೆ ತರುವ ಮೊದಲು ಮೂಲದ ಚೀಟಿ ಓದಿಕೊಳ್ಳಬೇಕು.

ನಮ್ಮ ಮನೆಯ ಚಿತ್ರದಲ್ಲಿ ಏನಾಗಿತ್ತು? ಪಟ್ಟಿಯನ್ನು ಕಳುಹಿಸಿ ನೋಡಿದೆವು. ಬಿಳುಪು ಬೂದಾಗಿ ಬಂತು. ಅಮ್ಮನ ಸೆರಗಿನ ಬಿಳಿಯ ತೆನೆ ಮಾಸಿದ್ದು ಏಕೆಂದು ತಿಳಿಯಿತು; ನೋಟದ ರೂಪಾಂತರವನ್ನು ಬದಲಾಯಿಸಿದೆವು. ಮತ್ತೆ ಕಳುಹಿಸಿದೆವು. ಈಗ ಬೂದುಗಳೆಲ್ಲ ಸರಿ, ಆದರೆ ಕೆಂಪಿನಲ್ಲಿ ಹಸುರು 25. ಬಿಡಿಚಿತ್ರಗಳನ್ನು ವಿಡಿಯೋ ಮಾಡುವಾಗ ಗುಣಕ ತಪ್ಪಿತ್ತು. ಒಂದರ ಮೇಲೊಂದು ಎರಡು ತಪ್ಪುಗಳು. ಇವೆರಡನ್ನೂ ಕಣ್ಣಳತೆಯಿಂದ ಒಟ್ಟಿಗೆ ತಿದ್ದಲು ಹೊರಟದ್ದರಿಂದಲೇ ಅಮ್ಮನ ಮುಖಕ್ಕೆ ಅರಿಸಿನ ಹತ್ತಿದ್ದು. ಹುಡುಗ ತಾನು ಏರಿಸಿ ಇಳಿಸಿದ್ದನ್ನೆಲ್ಲ ತೆಗೆದುಹಾಕಿ, ಮೊಬೈಲಿನಲ್ಲಿ ಉಳಿದಿದ್ದ ಮೂಲದಿಂದ ಹೊಸದಾಗಿ ಕೂಡಿಸಿ, ಹೊರತೆಗೆದ.

ಎರಡನೆಯ ಸಲ ನಡುಮನೆಯಲ್ಲಿ ನೋಡುವಾಗ ಅಮ್ಮ ಸೀರೆಯ ಬಣ್ಣದ ಮಾತೆತ್ತಲಿಲ್ಲ. ಅದನ್ನು ತರಲು ನಮ್ಮ ತಂದೆಯವರು ಯಾವ ಬಸ್ಸಿನಲ್ಲಿ ಹೋಗಿದ್ದರು, ಎಷ್ಟು ಕೊಟ್ಟರು ಎಂಬ ಕಥೆ ಹೇಳಿದರು. ಬಣ್ಣ ಸರಿಯಿದೆಯೆಂಬುದಕ್ಕೆ ಬೇರೆ ಸಾಕ್ಷಿ ನಮಗೆ ಬೇಕಾಗಲಿಲ್ಲ.

ಕೊನೆಯದಾಗಿ ಈ ಕೆಲಸದಲ್ಲಿರುವವರಿಗೆ ನಾಲ್ಕು ಮಾತು. ಮೂಲಚಿತ್ರವನ್ನು ಎಂದಿಗೂ ಅಳಿಸಬೇಡಿ. ಶ್ರುತಿಯ ತಪ್ಪನ್ನು ಮೂಲವಿದ್ದರೆ ಯಾವಾಗ ಬೇಕಾದರೂ ತಿದ್ದಬಹುದು, ಆದರೆ ತುದಿಯಲ್ಲಿ ಕತ್ತರಿಸಿಹೋದ ಕಪ್ಪು ಬಿಳುಪುಗಳನ್ನು ಪ್ರತಿಯಿಂದ ಮರಳಿ ತರಲಾಗುವುದಿಲ್ಲ. ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಒಯ್ಯುವಾಗ ಅಂತಿಮ ಪ್ರತಿಗೆ ಮಾಡುವ ಹಾಗೆ ಹಿಂಡಿ ಇಡಬೇಡಿ. ಓಪನ್ ಇಎಕ್ಸ್‌ಆರ್‌ನಂಥ, ಬೆಳಕಿನ ಪ್ರಮಾಣವನ್ನೇ ಇಟ್ಟುಕೊಳ್ಳುವ ಫೈಲುಗಳಿವೆ. ಚಲಚ್ಚಿತ್ರಗಳ ಚಮತ್ಕಾರದೃಶ್ಯಗಳಿಗಾಗಿ ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಸಂಸ್ಥೆ ರೂಪಿಸಿದ ಇದು 2003ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಹೊಸ ಪ್ರೋಗ್ರಾಮು ಬಳಸುವಾಗಲೂ ಹಳೆಯದರ ಹೊಸ ಆವೃತ್ತಿ ಬಂದಾಗಲೂ ಪರೀಕ್ಷೆಯ ಪಟ್ಟಿಯನ್ನು ಒಮ್ಮೆ ಓಡಿಸಿ. ಅದಕ್ಕೆ ಹತ್ತು ನಿಮಿಷ ಸಾಕು. ಬಣ್ಣ ಕೆಟ್ಟಿತೆಂದು ತೋರಿದಾಗ ಬಣ್ಣ ಏರಿಸುವ ಗುಂಡಿಗೆ ಕೈಹಾಕುವ ಮೊದಲು ಅಂಕಿಗಳನ್ನು ಓದಿ. ಹಾಡುವವರೂ ಬಾರಿಸುವವರೂ ಕಚೇರಿಗೆ ಮುಂಚೆ ತಂಬೂರಿಗೆ ಕಿವಿಗೊಟ್ಟು ಕೂರುತ್ತಾರಲ್ಲ, ಈ ಹತ್ತು ನಿಮಿಷವೂ ಅಂಥದೇ.